ನಾಡು ಅಗಲುವುದು, ನಾಡು ಕೂಡುವುದು

ಒಂದು ದೇಶವು ತಾನು ಸೇರಿರುವ ರಾಜಕೀಯ ಒಕ್ಕೂಟವನ್ನು ತೊರೆದು ಬೇರೆಯಾಗಬೇಕೆ, ಅದರಲ್ಲಿಯೇ ಉಳಿಯಬೇಕೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಾವು ಸ್ಕಾಟ್ಲೆಂಡಿನ ಮಾತನ್ನೋ ಐರ್ಲೆಂಡಿನ ಮಾತನ್ನೋ ಆಡುತ್ತೇವೆ. ಅದೇ ಪ್ರಶ್ನೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಯ ಬದುವಿನ ಮೇಲೂ ಒಮ್ಮೆ ಬಂದು ನಿಂತಿತ್ತೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅದನ್ನು ಜ್ಞಾಪಿಸಿಕೊಳ್ಳುವುದೇ ಈ ಭಾಷಣದ ಉದ್ದೇಶ.

1946ನೆಯ ಇಸವಿಯ ಮೇ ತಿಂಗಳಲ್ಲಿಯೇ ಬ್ರಿಟಿಷ್ ಮಂತ್ರಿಮಂಡಲದ ನಿಯೋಗವು ಒಂದು ವಿಷಯವನ್ನು ಸ್ಪಷ್ಟಪಡಿಸಿತ್ತು. ದೇಶೀಯ ಸಂಸ್ಥಾನಗಳ ಮೇಲೆ ಇಂಗ್ಲೆಂಡಿನ ಸಿಂಹಾಸನಕ್ಕಿದ್ದ ಪರಮಾಧಿಕಾರವು, ಬ್ರಿಟಿಷರು ತೆರಳಿದೊಡನೆ, ಹೊಸ ಸರ್ಕಾರಕ್ಕೆ ವರ್ಗವಾಗತಕ್ಕುದಲ್ಲ, ಅಲ್ಲಿಗೇ ಅಳಿಯತಕ್ಕುದು. 1947ರ ಭಾರತ ಸ್ವಾತಂತ್ರ್ಯ ಶಾಸನವೂ ಇದನ್ನೇ ವಿಧಿಸಿತು. ಎಂದರೆ, ಆಗಸ್ಟ್ 15ನೆಯ ತಾರೀಖು ಬೆಳಗಾಗುವಷ್ಟರಲ್ಲಿ ಮೈಸೂರು ಸಂಸ್ಥಾನವನ್ನು ಹೊರಗಿನ ಯಾವ ಅಧಿಕಾರಕ್ಕೂ ಕಟ್ಟಿಹಾಕುವ ಹಗ್ಗವೊಂದೂ ಕಾನೂನಿನ ದೃಷ್ಟಿಯಿಂದ ಉಳಿಯುತ್ತಿರಲಿಲ್ಲ. ಭಾರತವನ್ನು ಸೇರಬಹುದಾಗಿತ್ತು, ಸೇರದೆಯೂ ಇರಬಹುದಾಗಿತ್ತು. ತಿರುವಾಂಕೂರಿನ ದಿವಾನರಾದ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರವರು ತಮ್ಮ ಸಂಸ್ಥಾನವು ಸ್ವತಂತ್ರವಾಗಿಯೇ ನಿಲ್ಲುವುದೆಂದು ಆ ವರ್ಷದ ಜೂನ್ ತಿಂಗಳಲ್ಲಿ ಸಾರಿಯೂ ಬಿಟ್ಟಿದ್ದರು.

ಅಳಿಯಲಿದ್ದ ಆ ಹಳೆಯ ಸಂಬಂಧವು ಹುಟ್ಟಿದ ಬಗೆ ಎಂತಹುದು? ಅದಕ್ಕೆ ಮಳವಳ್ಳಿಯವರೆಗೆ ಹೋಗಬೇಕು. 1799ನೆಯ ಮಾರ್ಚ್ 27ರಂದು ಅಲ್ಲಿಯ ಬಯಲಿನಲ್ಲಿ ಟೀಪು ಸುಲ್ತಾನನ ಸೈನ್ಯವೂ ಜನರಲ್ ಹ್ಯಾರಿಸನ ಸೈನ್ಯವೂ ಸಂಧಿಸಿದುವು, ಸುಲ್ತಾನನು ಹಿಂಜರಿಯಬೇಕಾಯಿತು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಜುಲೈಯಲ್ಲಿ ಒಡಂಬಡಿಕೆಯಾಯಿತು. ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯ ಭಾರವೂ ಜೊತೆಯಲ್ಲಿಯೇ ಬಂದಿತು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು, 1881ರಲ್ಲಿ ಹಿಂದಿರುಗಿಸಿದರು. ಕೊಂಡಾಗಲೂ ಕೊಟ್ಟಾಗಲೂ ಮಳವಳ್ಳಿಯ ರೈತನನ್ನು ‘ನಿನ್ನ ಅಭಿಪ್ರಾಯವೇನಪ್ಪಾ?’ ಎಂದು ಕೇಳಿದವರಿಲ್ಲ. ಸೇರುವಾಗ ಕೇಳದ ಒಕ್ಕೂಟವು ಮುರಿಯುವಾಗ ಮಾತ್ರ ಕೇಳೀತೆಂದು ನಿರೀಕ್ಷಿಸುವುದು ಹೇಗೆ?

ಇನ್ನು, ಬೇರೆಯಾಗಿ ನಿಲ್ಲುವ ಯೋಗ್ಯತೆ ಮೈಸೂರಿಗೆ ಇರಲಿಲ್ಲವೆಂದು ಯಾರೂ ಹೇಳಲಾರರು. ತನ್ನದೇ ಸಿಂಹಾಸನ, ತನ್ನದೇ ಧ್ವಜ, 1881ರಿಂದ ಪ್ರಜಾಪ್ರತಿನಿಧಿ ಸಭೆ, 1916ರಿಂದ ವಿಶ್ವವಿದ್ಯಾನಿಲಯ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುಚ್ಛಕ್ತಿ. ಮಂಡ್ಯದಲ್ಲಿ 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪೆನಿ. 1941ರ ಜನಗಣತಿಯಂತೆ ಸಂಸ್ಥಾನದ ಜನಸಂಖ್ಯೆ ಸುಮಾರು 73 ಲಕ್ಷ. 1905ರಲ್ಲಿ ಸ್ವೀಡನ್ನಿನೊಡನೆ ಇದ್ದ ಒಕ್ಕೂಟವನ್ನು ಹರಿದುಕೊಂಡು ನಾರ್ವೆ ಬೇರೆಯಾದಾಗ ಅದರ ಜನಸಂಖ್ಯೆ ಇದರ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಜನಬಲ, ಧನಬಲ, ಸಂಸ್ಥೆಗಳು, ಒಂದು ಬಗೆಯ ಅಭಿಮಾನ, ಇವಿಷ್ಟೇ ರಾಷ್ಟ್ರವನ್ನು ಮಾಡುವುವಾದರೆ ಮೈಸೂರು ರಾಷ್ಟ್ರವಾಗಿಯೇ ಇತ್ತು.

ಆದರೆ ನೀರಿನ ಮಾತನ್ನು ಎತ್ತಿದೊಡನೆ ಈ ಲೆಕ್ಕ ತಪ್ಪುತ್ತದೆ. ಮಂಡ್ಯದ ಕಬ್ಬಿಗೆ ನೀರು ಬರುವುದು ಕನ್ನಂಬಾಡಿಯಿಂದ. ಮೊದಲು ಇರ್ವಿನ್ ನಾಲೆಯೆನಿಸಿ ಬಳಿಕ ವಿಶ್ವೇಶ್ವರಯ್ಯ ನಾಲೆಯೆನಿಸಿದ ಕಾಲುವೆಯು ಹುಲಿಕೆರೆಯ ಸುರಂಗವನ್ನು ನುಸುಳಿ ಈ ಬಯಲಿಗೆ ಇಳಿಯುತ್ತದೆ. ಕಟ್ಟೆಯೇನೋ ಮೈಸೂರಿನದು. ಕಾವೇರಿ ಹುಟ್ಟುವುದು ಮಾತ್ರ ಕೊಡಗಿನಲ್ಲಿ. ಆ ಕೊಡಗು ಆಗ ಬ್ರಿಟಿಷ್ ಇಂಡಿಯದ ಒಂದು ಪ್ರಾಂತ. ನದಿ ಸಮುದ್ರವನ್ನು ಸೇರುವುದು ಮದರಾಸಿನಲ್ಲಿ. ಅದರೊಡನೆ ನೀರಿನ ಹಂಚಿಕೆಗಾಗಿ ಮೈಸೂರು 1892ರಲ್ಲಿಯೂ 1924ರಲ್ಲಿಯೂ ಒಪ್ಪಂದ ಮಾಡಿಕೊಂಡಿತ್ತು. ಸಂಸ್ಥಾನವು ಭಾರತದಿಂದ ಹೊರಗೆ ನಿಂತಿದ್ದಲ್ಲಿ ತಲೆಯೂ ಬಾಲವೂ ಪರದೇಶದಲ್ಲಿ, ನಡುವೊಂದು ಮಾತ್ರ ತನ್ನಲ್ಲಿ ಇರುವ ನದಿಯನ್ನು ನಂಬಿ ಮಂಡ್ಯದ ರೈತನು ಬಿತ್ತಬೇಕಾಗುತ್ತಿತ್ತು. ಒಕ್ಕೂಟದಲ್ಲಿದ್ದೂ ಆ ನೀರಿನ ವ್ಯಾಜ್ಯ ಎಷ್ಟು ದೀರ್ಘವಾಯಿತೆಂಬುದನ್ನು ಬಲ್ಲ ನಮಗೆ, ಹೊರಗಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇದು ಲೆಕ್ಕಾಚಾರದ ಮಾತಾಯಿತು. ಜನರ ಮನಸ್ಸು ನಾಲೆಯ ಲೆಕ್ಕವನ್ನು ನೋಡಿ ನಿಶ್ಚಯವಾಗಲಿಲ್ಲ. ಅದಕ್ಕೂ ಒಂಬತ್ತು ವರ್ಷ ಮೊದಲೇ ಮದ್ದೂರಿನಲ್ಲಿ ಅದು ಪ್ರಕಟವಾಗಿತ್ತು. 1938ರ ಏಪ್ರಿಲ್ ತಿಂಗಳಲ್ಲಿ ಮೈಸೂರು ಕಾಂಗ್ರೆಸ್ಸು ತನ್ನ ಮೊದಲ ಅಧಿವೇಶನವನ್ನು ಮದ್ದೂರಿಗೆ ಹೊಂದಿದ ಶಿವಪುರದಲ್ಲಿ, ಶಿಂಷಾ ನದಿಯ ದಡದಲ್ಲಿ, ನಡೆಯಿಸಿತು. ಮಂಡ್ಯ ಜಿಲ್ಲೆ ಆಗ ಇನ್ನೂ ಹುಟ್ಟಿರಲಿಲ್ಲ; 1939ರವರೆಗೆ ಈ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದುವು. ಚರಕದ ಗುರುತಿನ ತ್ರಿವರ್ಣ ಧ್ವಜವನ್ನು ಏರಿಸಕೂಡದೆಂದು ನಿಷೇಧಾಜ್ಞೆಯಾಯಿತು. ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಅದನ್ನು ಮೀರಿ ದಸ್ತಗಿರಿಯಾದರು. ಅವರ ಹಿಂದೆಯೇ ಇತರ ಮುಖಂಡರೂ ಧ್ವಜಕ್ಕಾಗಿ ಮುಂದೆ ಬಂದರು. ಹಳ್ಳಿಗಳಿಂದ ಬಂದ ಸಾವಿರಾರು ಮಂದಿ ನೋಡುತ್ತ ನಿಂತಿದ್ದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಅದೇ ಧ್ವಜದ ಕಾರಣದಿಂದಲೇ ಗುಂಡು ಹಾರಿ ಪ್ರಾಣಹಾನಿಯಾಯಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದರು. ಅದರಿಂದ ದೊರೆತ ಪರಿಹಾರವನ್ನು ಗಮನಿಸಬೇಕು: ಸಮಾರಂಭಗಳಲ್ಲಿ ಕಾಂಗ್ರೆಸ್ಸಿನ ಧ್ವಜವನ್ನು ಮೈಸೂರಿನ ಧ್ವಜದ ಜೊತೆಗೆ ಹಾರಿಸಬಹುದು.

ಈ ‘ಜೊತೆಗೆ’ ಎಂಬ ಪದ ಸಣ್ಣದಲ್ಲ. ಎರಡು ಧ್ವಜಗಳನ್ನು ಏಕಕಾಲದಲ್ಲಿ ನೋಡಿದ ರೈತನಿಗೆ ಒಂದು ಏರಬೇಕಾದರೆ ಇನ್ನೊಂದು ಇಳಿಯಬೇಕೆಂದು ತೋರಲಿಲ್ಲ. ನಮ್ಮ ಕಡೆ ಹೊಸಬರನ್ನು ಕಂಡರೆ ‘ಯಾವ ಸೀಮೆಯವರು?’ ಎಂದು ಕೇಳುವುದುಂಟು. ಸೀಮೆಗೆ ಎಲ್ಲೆ ಉಂಟು. ಆದರೆ ಅದು ಗೋಡೆಯಲ್ಲ. ಮೈಸೂರು ಸೀಮೆಯವನಾಗಿದ್ದುಕೊಂಡೇ ಭಾರತದವನಾಗುವುದಕ್ಕೆ ಅವನಿಗೆ ಯಾವ ಅಡ್ಡಿಯೂ ಕಾಣಲಿಲ್ಲ. ಯೂರೋಪಿನ ರಾಷ್ಟ್ರೀಯತೆಯ ಗ್ರಂಥಗಳಲ್ಲಿ ಈ ಮನೋಧರ್ಮಕ್ಕೆ ಸಾಕಷ್ಟು ಸ್ಥಳ ದೊರೆತಿಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿ ಒಬ್ಬ ಮನುಷ್ಯನಿಗೆ ಒಂದೇ ಟೋಪಿ.

1947ರ ಆಗಸ್ಟ್ 9ರಂದು ಶ್ರೀ ಜಯಚಾಮರಾಜ ಒಡೆಯರು ಪ್ರವೇಶಪತ್ರಕ್ಕೆ ಸಹಿ ಮಾಡಿದರು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಸಾಧನ, ಈ ಮೂರು ಬಾಬುಗಳು ಮಾತ್ರ ಭಾರತಕ್ಕೆ ಸಂದುವು. ವಿವಾದ ಹುಟ್ಟಿದ್ದು ಇದಕ್ಕಾಗಿ ಅಲ್ಲ. ಸೆಪ್ಟೆಂಬರ್ 1ರಂದು ಆರಂಭವಾದ ‘ಮೈಸೂರು ಚಲೋ’ ಚಳವಳಿಯ ಬೇಡಿಕೆ ಜವಾಬ್ದಾರಿ ಸರ್ಕಾರ. ಸಂಸ್ಥಾನವು ಯಾವ ಒಕ್ಕೂಟದಲ್ಲಿರಬೇಕು ಎಂಬ ಪ್ರಶ್ನೆಗಿಂತ, ಸಂಸ್ಥಾನದ ಹೆಸರಿನಲ್ಲಿ ಮಾತನಾಡತಕ್ಕವರು ಯಾರು ಎಂಬ ಪ್ರಶ್ನೆಯೇ ಜನರಿಗೆ ದೊಡ್ಡದಾಗಿತ್ತು. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಬಂದಿತು. ನಾರ್ವೆಯಲ್ಲಿ 1905ರ ಆಗಸ್ಟ್ 13ರಂದು ಜನಮತವನ್ನು ಎಣಿಸಿದಾಗ ಅಗಲಬೇಕೆಂದವರು 3,68,208 ಮಂದಿ, ಬೇಡವೆಂದವರು 184 ಮಂದಿ. ಮತದಾನದ ಹಕ್ಕಿಲ್ಲದ ಅಲ್ಲಿನ ಹೆಂಗಸರು ತಾವೂ ಲೆಕ್ಕಕ್ಕೆ ಸೇರಬೇಕೆಂದು ಎರಡು ಲಕ್ಷಕ್ಕೂ ಮೇಲ್ಪಟ್ಟು ಸಹಿಗಳನ್ನು ಕೂಡಿಹಾಕಿ ಕಳುಹಿಸಿದರು. ಮೈಸೂರಿನಲ್ಲಿ ಹಾಗೆ ಎಣಿಸಿದ್ದರೆ ಭಾರತದ ಪಕ್ಷಕ್ಕೇ ಬಹುಮತ ಬರುತ್ತಿದ್ದುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಎಣಿಸಲಿಲ್ಲವೆಂಬುದು ಚರಿತ್ರೆ. ಫಲ ಹಿತವಾಯಿತೆಂದು ಆ ಕೊರತೆಯನ್ನು ಮುಚ್ಚಿಡಬೇಕಾದುದಿಲ್ಲ.

ಇದಾದ ಎಂಟೊಂಬತ್ತು ವರ್ಷಗಳಲ್ಲಿಯೇ ಒಂದು ವಿಚಿತ್ರ ನಡೆಯಿತು. ಮೂವತ್ತು ಕೋಟಿಗೂ ಮೇಲ್ಪಟ್ಟ ಜನರ ಒಕ್ಕೂಟವನ್ನು ತಳಮಳವಿಲ್ಲದೆ ಸೇರಿದ ಹಳೆಯ ಮೈಸೂರಿನ ಜಿಲ್ಲೆಗಳು, ಮಂಡ್ಯವೂ ಸೇರಿದಂತೆ, ಧಾರವಾಡ, ಬಿಜಾಪುರ, ರಾಯಚೂರು, ಕಲಬುರ್ಗಿಗಳ ಕನ್ನಡಿಗರೊಡನೆ ಒಂದಾಗುವ ಮಾತು ಬಂದಾಗ ಅನುಮಾನಿಸಿದುವು. ಭಾಷೆ ಒಂದೇ, ಪಂಪನೂ ಕುಮಾರವ್ಯಾಸನೂ ಇಬ್ಬರಿಗೂ ಸೇರಿದವರು. ಹಾಗಿದ್ದೂ ಹಿಂಜರಿಕೆ ಏಕೆ? ಭಾರತವನ್ನು ಸೇರಿದಾಗ ನಾಲೆಯ ತೂಬಿನ ಮೇಲಾಗಲಿ ಶಿವನಸಮುದ್ರದ ವಿದ್ಯುತ್ತಿನ ಮೇಲಾಗಲಿ ಹೊಸ ಪಾಲುದಾರರು ಬಂದು ಕುಳಿತಂತೆ ತೋರಿರಲಿಲ್ಲ. ಏಕೀಕರಣದಲ್ಲಿ ಹಾಗೆ ತೋರಿತು. ಇಲ್ಲಿಯ ಆದಾಯ ಹಿಂದುಳಿದ ಪ್ರದೇಶಗಳಿಗೆ ಹರಿದುಹೋದೀತು, ಶಾಸನಸಭೆಯಲ್ಲಿ ಬಹುಮತದ ತಕ್ಕಡಿ ಬೇರೆ ಕೋಮಿನ ಕಡೆಗೆ ವಾಲೀತು ಎಂಬ ಭಯಗಳಿದ್ದುವು. 1955ರಲ್ಲಿ ವರದಿಯನ್ನೊಪ್ಪಿಸಿದ ಫಜಲ್ ಅಲಿ ಆಯೋಗವೂ ಇವುಗಳನ್ನು ಗಮನಿಸಿಯೇ ಏಕೀಕರಣಕ್ಕೆ ಶಿಫಾರಸು ಮಾಡಿತು. ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದಲ್ಲಿಯೇ ಅನೇಕರು ಒಲ್ಲೆನೆಂದರೂ ಏಕೀಕರಣವನ್ನು ಸಮರ್ಥಿಸಿದರು. ಹಿಂಜರಿದವರನ್ನು ಸ್ವಾರ್ಥಿಗಳೆಂದು ಜರೆಯುವುದು ಸುಲಭ. ಆದರೆ ದೂರದ ದೊಡ್ಡ ಮನೆಯನ್ನು ಸೇರುವುದಕ್ಕಿಂತ ದಾಯಾದಿಯೊಡನೆ ಒಂದೇ ಒಲೆ ಹೂಡುವುದು ಕಷ್ಟವೆಂಬುದನ್ನು ಸಂಸಾರಸ್ಥರೆಲ್ಲರೂ ಬಲ್ಲರು.

ಅಗಲುವ ಬಾಗಿಲಿನ ಮಾತೊಂದು ಉಳಿಯಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು, ಭಾರತದ ಒಕ್ಕೂಟವು ಘಟಕಗಳ ಒಪ್ಪಂದದಿಂದ ಹುಟ್ಟಿದುದಲ್ಲವಾದುದರಿಂದ ಯಾವ ಘಟಕಕ್ಕೂ ಅದನ್ನು ಬಿಟ್ಟುಹೋಗುವ ಹಕ್ಕಿಲ್ಲವೆಂದು ವಿವರಿಸಿದರು. ಸಹಿ ಮಾಡಿ ಒಳಗೆ ಬಂದ ಮೈಸೂರಿನಂತಹ ಸಂಸ್ಥಾನಗಳ ದೃಷ್ಟಿಯಿಂದ ಈ ವಾದ ತುಸು ಬಿಗಿಯಾಗಿಯೇ ಕೇಳಿಸುತ್ತದೆ. ಆದರೆ 1949ರ ನವೆಂಬರ್ 25ರಂದು ಮಹಾರಾಜರು ಭಾರತದ ಸಂವಿಧಾನವನ್ನೇ ಮೈಸೂರಿನ ಸಂವಿಧಾನವೆಂದು ಘೋಷಿಸಿದ ಮೇಲೆ ಮೂರು ಬಾಬುಗಳ ಹಳೆಯ ಕರಾರಿಗೆ ಅರ್ಥ ಉಳಿಯಲಿಲ್ಲ. ಬ್ರಿಟನ್ನಿನ ರೀತಿ ಬೇರೆ. ಅಲ್ಲಿ 2014ರಲ್ಲಿ ಸ್ಕಾಟ್ಲೆಂಡಿನ ಜನರನ್ನು ಕೇಳಿದರು. ನೂರಕ್ಕೆ 55ರಷ್ಟು ಮಂದಿ ಉಳಿಯೋಣವೆಂದರು. ಎರಡೇ ವರ್ಷಗಳ ಬಳಿಕ ಬ್ರಿಟನ್ ಯೂರೋಪಿನ ಒಕ್ಕೂಟವನ್ನು ಬಿಡಲು ನಿಶ್ಚಯಿಸಿದಾಗ ಸ್ಕಾಟರಲ್ಲಿ ನೂರಕ್ಕೆ 62 ಮಂದಿ ಅದಕ್ಕೆ ವಿರೋಧವಾಗಿದ್ದರೂ ಎಲ್ಲರೊಡನೆ ಹೊರಗೆ ಬರಬೇಕಾಯಿತು. ಮತ್ತೊಮ್ಮೆ ಜನಮತ ಕೇಳಲು ಲಂಡನ್ನಿನ ಒಪ್ಪಿಗೆಯಿಲ್ಲದೆ ಎಡಿನ್‌ಬರೋದ ಶಾಸನಸಭೆಗೆ ಅಧಿಕಾರವಿಲ್ಲವೆಂದು 2022ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಕೇಳತಕ್ಕವರು ಯಾರೆಂಬ ನಮ್ಮ 1947ರ ಪ್ರಶ್ನೆ ಅಲ್ಲಿಯೂ ಬೇರೆ ವೇಷದಲ್ಲಿ ನಿಂತಿದೆ.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಕಾವೇರಿಯ ತವರಾದ ಕೊಡಗೂ ಅದರೊಳಗೆ ಬಂದಿತು. ಒಂಬತ್ತು ವರ್ಷಗಳ ಹಿಂದೆ ಸ್ವತಂತ್ರ ರಾಷ್ಟ್ರವೊಂದರ ಅಧಿಪತಿಯಾಗಲು ಕಾನೂನಿನ ಅವಕಾಶವಿದ್ದ ಜಯಚಾಮರಾಜ ಒಡೆಯರು ಆ ದಿನ ಅದರ ರಾಜ್ಯಪಾಲರಾದರು. 1964ರಲ್ಲಿ ಅವರನ್ನೇ ಮದರಾಸಿನ ರಾಜ್ಯಪಾಲರನ್ನಾಗಿ ನೇಮಿಸಲಾಯಿತು.