ಎರಡು ದಿನದಲ್ಲಿ ಒಂದು ಕಿರುಚಿತ್ರ

2001ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಆರಂಭವಾದ '48 ಅವರ್ ಫಿಲ್ಮ್ ಪ್ರಾಜೆಕ್ಟ್' ಎಂಬ ಸ್ಪರ್ಧೆಯ ನಿಯಮ ಸ್ವಾರಸ್ಯಕರವಾದುದು. ಶುಕ್ರವಾರ ಸಂಜೆ ಪ್ರತಿ ತಂಡವೂ ಚೀಟಿ ಎತ್ತಿ ತನ್ನ ಕಥೆಯ ಬಗೆಯನ್ನು ತಿಳಿಯುತ್ತದೆ. ಒಂದು ಪಾತ್ರ, ಒಂದು ವಸ್ತು, ಒಂದು ಮಾತು ಮಾತ್ರ ಎಲ್ಲರಿಗೂ ಸಮಾನ. ಭಾನುವಾರ ಸಂಜೆಗೆ ನಾಲ್ಕರಿಂದ ಏಳು ನಿಮಿಷಗಳ ಚಿತ್ರ ಸಿದ್ಧವಾಗಬೇಕು. ಮೊದಲೇ ತಯಾರಿಸಿಟ್ಟ ಚಿತ್ರವನ್ನು ತರದಂತೆ ತಡೆಯುವ ಉಪಾಯವಿದು!

ನೀವೂ ಗೆಳೆಯರೊಡನೆ ಪ್ರಯತ್ನಿಸುವುದಾದರೆ, ಕಥೆಯನ್ನು ಶುಕ್ರವಾರ ರಾತ್ರಿಯೇ ಮುಗಿಸಿರಿ. ಎರಡು ಮೂರು ಪಾತ್ರ, ಒಂದೆರಡು ಸ್ಥಳ ಸಾಕು. ಶನಿವಾರ ಚಿತ್ರೀಕರಣ. ಕಥೆಯ ಕ್ರಮದಲ್ಲೇ ತೆಗೆಯಬೇಕೆಂದಿಲ್ಲ. ಒಂದು ಸ್ಥಳದ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುವುದು ಲೇಸು. ಆದರೆ ಬಿಸಿಲು ಸರಿದಂತೆ ನೆರಳೂ ಸರಿಯುತ್ತದೆ. ಒಬ್ಬರ ಪ್ರಶ್ನೆಯನ್ನು ಬೆಳಿಗ್ಗೆ, ಇನ್ನೊಬ್ಬರ ಉತ್ತರವನ್ನು ಸಂಜೆ ಚಿತ್ರಿಸಿದರೆ ಎರಡೂ ಹೊಂದುವುದಿಲ್ಲ.

ಧ್ವನಿಯನ್ನು ಕಡೆಗಣಿಸುವವರೇ ಹೆಚ್ಚು. ಚಿತ್ರ ತುಸು ಮಬ್ಬಾದರೆ ಪ್ರೇಕ್ಷಕ ಸಹಿಸಿಯಾನು, ಮಾತು ಕೇಳಿಸದಿದ್ದರೆ ಎದ್ದುಹೋದಾನು. ಮೊಬೈಲಿನಲ್ಲೇ ಚಿತ್ರಿಸಿದರೂ ಮೈಕು ಮಾತನಾಡುವವರಿಗೆ ಹತ್ತಿರವಿರಲಿ. ಪ್ರತಿ ಸ್ಥಳದಲ್ಲೂ ಎಲ್ಲರೂ ಸುಮ್ಮನಿದ್ದು, ಆ ಜಾಗದ ಸದ್ದನ್ನೇ ಅರ್ಧ ನಿಮಿಷ ಮುದ್ರಿಸಿಕೊಳ್ಳಿರಿ. ಸಂಕಲನದಲ್ಲಿ ಮಾತು ಕತ್ತರಿಸಿದೆಡೆಯ ಬಿರುಕನ್ನು ಮುಚ್ಚಲು ಅದೇ ಬೇಕಾಗುತ್ತದೆ.

ಭಾನುವಾರ ಸಂಕಲನ. ಕೊನೆಯ ಎರಡು ಗಂಟೆಗಳನ್ನು ಮಾತ್ರ ಖಾಲಿ ಬಿಡಿರಿ: ಕಂಪ್ಯೂಟರು ಪೂರ್ಣ ಚಿತ್ರವನ್ನು ಒಂದೇ ಫೈಲಾಗಿ ಮಾಡಿಕೊಡಲು ಸಮಯ ಹಿಡಿಯುತ್ತದೆ, ಅದೂ ಒಮ್ಮೊಮ್ಮೆ ಅರ್ಧದಲ್ಲೇ ನಿಲ್ಲುವುದುಂಟು.