ಸಾಲಿನಲ್ಲಿ ಕಾಣದ ಹಿರಿಯರು

ಅರವತ್ತು ತುಂಬಿದವರೆಲ್ಲ ಭಾರತದ ಕಾನೂನಿನ ಲೆಕ್ಕದಲ್ಲಿ ಹಿರಿಯ ನಾಗರಿಕರು. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಇವರ ಸಂಖ್ಯೆ 10 ಕೋಟಿ ದಾಟಿತ್ತು. ಕರ್ನಾಟಕದಲ್ಲಿ ಪ್ರತಿ ನೂರು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಈ ವಯಸ್ಸಿನವರಾಗಿದ್ದರು. ಹೆಸರು ಒಂದೇ ಆದರೂ ಇವರ ಮೈಸ್ಥಿತಿ ಒಂದೇ ಅಲ್ಲ. ಐದು ವರ್ಷದ ಮಕ್ಕಳು ಬೆಳವಣಿಗೆಯಲ್ಲಿ ಹೆಚ್ಚುಕಡಿಮೆ ಸಮಸಮ ಇರುತ್ತಾರೆ. ಎಪ್ಪತ್ತರ ಇಬ್ಬರು ಹಾಗಿರುವುದಿಲ್ಲ. ಒಬ್ಬರು ತೋಟದಲ್ಲಿ ಅಡಿಕೆ ಹೆಕ್ಕುತ್ತಿರುತ್ತಾರೆ, ಅದೇ ವಯಸ್ಸಿನ ಇನ್ನೊಬ್ಬರಿಗೆ ಬಚ್ಚಲಿಗೆ ಹೋಗಲೂ ಕೈ ಹಿಡಿಯುವವರು ಬೇಕು. ಎಳವೆಯಲ್ಲಿ ಉಂಡ ಊಟ, ಸೇದಿದ ಬೀಡಿ, ಕುಡಿದ ಒಲೆಯ ಹೊಗೆ, ಹೊತ್ತ ಮೂಟೆ, ಆದ ಹೆರಿಗೆಗಳು ಎಲ್ಲವೂ ದೇಹದಲ್ಲಿ ಜಮೆಯಾಗುತ್ತ ಬಂದು, ಮುಪ್ಪಿನಲ್ಲಿ ಲೆಕ್ಕ ಕೇಳುತ್ತವೆ.

ಈ ವ್ಯತ್ಯಾಸವನ್ನು ದೇಶದ ಉದ್ದಗಲಕ್ಕೆ ಅಳೆಯಲು ನಡೆದ ದೊಡ್ಡ ಪ್ರಯತ್ನ ‘ಲಾಸಿ’ ಸಮೀಕ್ಷೆ. ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017–18ರಲ್ಲಿ 45 ದಾಟಿದವರು ಹಾಗೂ ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ, ಬಿಪಿ, ತೂಕ, ಕೈಹಿಡಿತದ ಬಲವನ್ನೆಲ್ಲ ಅಳೆಯಿತು. ಅರವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ ಇದೆಯೆಂದು 2021ರ ಜನವರಿಯಲ್ಲಿ ಅದರ ವರದಿ ತಿಳಿಸಿತು. ಇದರದೇ ಮುಂದುವರಿಕೆಯಾದ ಇನ್ನೊಂದು ಅಧ್ಯಯನದ ಪ್ರಕಾರ ಈ ವಯಸ್ಸಿನವರಲ್ಲಿ ನೂರಕ್ಕೆ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಮರೆಗುಳಿತನದ ಕಾಯಿಲೆಯಿಂದ ಬಳಲುತ್ತಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಇದು ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮೆದುಳಿಗೆ ಮುಪ್ಪು ಬರುವ ಬಗೆಯನ್ನು ಅಭ್ಯಸಿಸುತ್ತಿದೆ. ‘ಅರಳುಮರಳು’ ಎಂದು ಮನೆಯವರು ತಳ್ಳಿಹಾಕುತ್ತ ಬಂದ ಸ್ಥಿತಿಗೆ ಹಳ್ಳಿಯಲ್ಲೇ ಇಂಥ ಗಮನ ಸಿಕ್ಕಿರುವುದು ಸಣ್ಣ ಸಂಗತಿಯಲ್ಲ.

ಅರವತ್ತರಿಂದ ಎಪ್ಪತ್ತರೊಳಗಿನ ಬಹುಪಾಲು ಜನರ ಅಗತ್ಯ ಸರಳ: ಬಿಪಿ, ಶುಗರ್ ಹತೋಟಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಮಂಡಿನೋವಿಗೆ ವ್ಯಾಯಾಮ. ಎಂಬತ್ತರ ಹತ್ತಿರ ಬಂದಂತೆ ಕಾಯಿಲೆಯ ಹೆಸರಿಗಿಂತ ದಿನದ ಕೆಲಸ ಮಾಡಿಕೊಳ್ಳುವ ಶಕ್ತಿಯೇ ಮುಖ್ಯವಾಗುತ್ತದೆ. ನಡೆಯಲು ಆಗುತ್ತದೆಯೇ, ಕಿವಿ ಕೇಳುತ್ತದೆಯೇ, ಮೂತ್ರ ಹಿಡಿದುಕೊಳ್ಳಲು ಆಗುತ್ತದೆಯೇ, ಅಗಿಯಲು ಹಲ್ಲಿವೆಯೇ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಈ ವಯಸ್ಸಿನಲ್ಲಿ ಕಾಯಿಲೆ ವೇಷ ಮರೆಸಿಕೊಂಡೂ ಬರುತ್ತದೆ. ಎದೆನೋವೇ ಇಲ್ಲದೆ ಹೃದಯಾಘಾತವಾಗಬಹುದು. ಬರೀ ಸುಸ್ತು, ಉಬ್ಬಸ ಕಾಣಬಹುದು. ಮೂತ್ರದ ಸೋಂಕು ಜ್ವರ, ಉರಿ ಯಾವುದೂ ಇಲ್ಲದೆ ರಾತ್ರೋರಾತ್ರಿ ಶುರುವಾದ ಗೊಂದಲದ ಮಾತಾಗಿ ಹೊರಬರಬಹುದು. ‘ವಯಸ್ಸಾಯ್ತಲ್ಲ, ಇದ್ದದ್ದೇ’ ಎಂದು ಮನೆಯವರು ಸುಮ್ಮನಾಗುವುದು ಇಂಥ ಹೊತ್ತಿನಲ್ಲೇ, ಅಪಾಯವಿರುವುದೂ ಅಲ್ಲೇ.

ಔಷಧದ ಕತೆಯೂ ಬೇರೆ. ವಯಸ್ಸಾದಂತೆ ಮೂತ್ರಪಿಂಡದ ಕೆಲಸ ನಿಧಾನವಾಗಿ, ನುಂಗಿದ ಮಾತ್ರೆ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಶುಗರಿಗೆ ಒಬ್ಬರು, ಹೃದಯಕ್ಕೆ ಇನ್ನೊಬ್ಬರು, ನಿದ್ದೆಗೆ ಮತ್ತೊಬ್ಬ ವೈದ್ಯರು ಬರೆದುಕೊಟ್ಟ ಚೀಟಿಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡುವುದಿಲ್ಲ. ಬಿಪಿ ಮಾತ್ರೆಯಿಂದ ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆ ಸುತ್ತಬಹುದು, ನಿದ್ದೆ ಮಾತ್ರೆ ಅದಕ್ಕೆ ಮಂಪರು ಸೇರಿಸಬಹುದು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಲು ಇಷ್ಟು ಸಾಕು. ಮೆಡಿಕಲ್ ಶಾಪಿನಿಂದ ತಾವಾಗಿಯೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ ಮೂತ್ರಪಿಂಡವನ್ನೂ ಜಠರವನ್ನೂ ಹಾಳುಮಾಡುತ್ತದೆ, ಬಿಪಿಯನ್ನೂ ಏರಿಸುತ್ತದೆ.

ಅಗತ್ಯ ಇದ್ದ ಮಾತ್ರಕ್ಕೆ ಚಿಕಿತ್ಸೆ ದೊರೆಯುವುದಿಲ್ಲ. ಜನ ಆಸ್ಪತ್ರೆಗೆ ಹೋಗುವುದು, ಹೋಗದಿರುವುದು ಯಾವುದರಿಂದ ನಿರ್ಧಾರವಾಗುತ್ತದೆ ಎಂಬುದನ್ನು ಅಮೆರಿಕದ ಸಮಾಜವಿಜ್ಞಾನಿ ರೊನಾಲ್ಡ್ ಆಂಡರ್ಸನ್ 1968ರಲ್ಲಿ ವಿಂಗಡಿಸಿ ತೋರಿಸಿದರು. ವಯಸ್ಸು, ಲಿಂಗ, ಓದು, ನಂಬಿಕೆಗಳು ಒಂದು ಕಡೆ. ಹಣ, ವಿಮೆ, ಆಸ್ಪತ್ರೆಯ ದೂರ ಇನ್ನೊಂದು ಕಡೆ. ನಿಜವಾದ ಕಾಯಿಲೆ ಮೂರನೆಯದು. ಚಿಕಿತ್ಸೆಯನ್ನು ಮೂರನೆಯದೇ ನಿರ್ಧರಿಸಬೇಕಿತ್ತು. ಹಳ್ಳಿಯ ವಿಧವೆಯೊಬ್ಬರ ವಿಷಯದಲ್ಲಿ ಮೊದಲ ಎರಡೇ ಗೆಲ್ಲುತ್ತವೆ. ಕೈಯಲ್ಲಿ ಸ್ವಂತ ದುಡ್ಡಿಲ್ಲ, ತಾಲ್ಲೂಕು ಆಸ್ಪತ್ರೆಗೆ ಒಬ್ಬರೇ ಹೋಗಲು ಧೈರ್ಯವಿಲ್ಲ, ಕರೆದೊಯ್ಯಬೇಕಾದ ಮಗನಿಗೆ ಒಂದು ದಿನದ ಕೂಲಿ ತಪ್ಪುತ್ತದೆ. 2023ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆ ಹೆಂಗಸರ ಬಸ್ ಖರ್ಚನ್ನು ಇಳಿಸಿದೆ. ಜೊತೆಗೆ ಹೋಗುವವರ ಕೊರತೆಯನ್ನು ಯಾವ ಬಸ್ಸೂ ತುಂಬಲಾರದು.

ಯಾರು ಕಾಯಿಲೆ ಹೇಳಿಕೊಳ್ಳುತ್ತಾರೆ ಎಂಬುದೂ ಮೋಸಗೊಳಿಸುವ ಲೆಕ್ಕ. ಆಯಸ್ಸು ಹೆಚ್ಚಿರುವ ಕೇರಳದ ಜನ, ಆಯಸ್ಸು ಕಡಿಮೆ ಇರುವ ಬಿಹಾರದವರಿಗಿಂತ ತಮಗೆ ಹೆಚ್ಚು ಕಾಯಿಲೆಯಿದೆ ಎಂದು ಹೇಳಿಕೊಳ್ಳುವುದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ಎತ್ತಿ ತೋರಿಸಿದ್ದರು. ಓದು, ಆಸ್ಪತ್ರೆಯ ಒಡನಾಟ ಇದ್ದಲ್ಲಿ ನೋವು ಕಾಯಿಲೆಯೆನಿಸುತ್ತದೆ. ಇಲ್ಲದಲ್ಲಿ ಅದು ಹಣೆಬರಹವೆನಿಸುತ್ತದೆ. ಆದ್ದರಿಂದ ಆಸ್ಪತ್ರೆಯ ಸಾಲು ಚಿಕ್ಕದಿದ್ದ ಮಾತ್ರಕ್ಕೆ ಆ ಊರಿನ ಮುದುಕರು ಗಟ್ಟಿಮುಟ್ಟಾಗಿದ್ದಾರೆ ಎಂದು ತಿಳಿಯುವುದು ದೊಡ್ಡ ತಪ್ಪು.

ಕಾನೂನಿಗೂ ಯೋಜನೆಗಳಿಗೂ ಕೊರತೆಯಿಲ್ಲ. ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕೆಂದು ಹಿರಿಯರ ಪಾಲನೆಗೆಂದು ಬಂದ 2007ರ ಕಾಯ್ದೆ ಹೇಳುತ್ತದೆ. 2010–11ರಲ್ಲಿ ಹಿರಿಯರಿಗಾಗಿಯೇ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆಯುಷ್ಮಾನ್ ಯೋಜನೆಯನ್ನು ಆದಾಯ ನೋಡದೆ 70 ತುಂಬಿದ ಎಲ್ಲರಿಗೂ ವಿಸ್ತರಿಸಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ರಕ್ಷಣೆ ಕೊಟ್ಟಿತು. ಆದರೆ ಇದು ಆಸ್ಪತ್ರೆಗೆ ದಾಖಲಾದವರಿಗೆ ಒದಗುವ ನೆರವು. ವರ್ಷವಿಡೀ ಕೈ ಬರಿದು ಮಾಡುವ ಖರ್ಚು ತಿಂಗಳ ಮಾತ್ರೆಯದು, ರಕ್ತಪರೀಕ್ಷೆಯದು, ಕನ್ನಡಕದ್ದು, ಕಿವಿಯ ಯಂತ್ರದ್ದು. ಮಾತ್ರೆಗೆ ದುಡ್ಡು ಸಾಲದೆ ಬಿಪಿ ಏರಿ, ಲಕ್ವ ಹೊಡೆದ ಮೇಲೆ ಐದು ಲಕ್ಷದ ಕಾರ್ಡು ಕೆಲಸಕ್ಕೆ ಬರುವಂತಾಗುವುದು ನೋವಿನ ಸಂಗತಿ.

ಹೆಚ್ಚು ಭರವಸೆ ಹುಟ್ಟಿಸುವುದು ಮನೆ ಬಾಗಿಲಿಗೆ ಬರುವ ಸೇವೆ. ಕೇರಳದಲ್ಲಿ ಉಪಶಮನ ಆರೈಕೆಗೆ ನೆರೆಹೊರೆಯವರನ್ನೇ ತಯಾರುಮಾಡಲಾಯಿತು. 2008ರಲ್ಲಿ ಅಲ್ಲಿನ ಸರಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು. ತಮಿಳುನಾಡು 2021ರಿಂದ ಬಿಪಿ, ಶುಗರ್ ಮಾತ್ರೆಗಳನ್ನು ಮನೆಗೇ ತಲುಪಿಸುತ್ತಿದೆ. ಕರ್ನಾಟಕದ ‘ಗೃಹ ಆರೋಗ್ಯ’ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾಯಿತು. ಹೊಸಿಲು ದಾಟಿ ಒಳಬಂದ ಆರೋಗ್ಯ ಕಾರ್ಯಕರ್ತೆಯ ಕಣ್ಣಿಗೆ ಆಸ್ಪತ್ರೆಯ ಚೀಟಿಯಲ್ಲಿ ಇರದ ಸಂಗತಿಗಳು ಬೀಳುತ್ತವೆ: ಖಾಲಿಯಾಗಿ ಹದಿನೈದು ದಿನವಾದ ಮಾತ್ರೆ ಡಬ್ಬಿ, ದಾರ ಕಟ್ಟಿಕೊಂಡ ಕನ್ನಡಕ, ಹಿಡಿಕೆಯಿಲ್ಲದ ಬಚ್ಚಲು, ಊಟ ಮುಟ್ಟದ ತಟ್ಟೆ, ಮೂಲೆಯಲ್ಲಿ ಮಂಡಿ ನೀವುತ್ತ ಕೂತು ‘ನನಗೇನೂ ಇಲ್ಲಮ್ಮ’ ಎನ್ನುವ ಅಜ್ಜಿ.