ನಿಧಾನವಾಯಿತೆಂದು ಗುಜರಿಗೆ ಹಾಕಬೇಡಿ

ಮೊಬೈಲು ಅಣ್ಣನ ಜೇಬಿನಲ್ಲಿ, ಲ್ಯಾಪ್‌ಟಾಪ್ ಕೊಳ್ಳಲು ಹಣವಿಲ್ಲ. ಜಮಖಂಡಿ, ಮುಧೋಳ, ಬೀಳಗಿಯ ಕಡೆ ಕಾಲೇಜಿಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳಿಗೆ ಪಾಠಕ್ಕೂ ವಿದ್ಯಾರ್ಥಿವೇತನದ ಅರ್ಜಿಗೂ ಮನೆಯ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರೇ ಗತಿ. ಅದು ಶುರುವಾಗಲು ಹತ್ತು ನಿಮಿಷ ಹಿಡಿಯುತ್ತಿದೆಯೆಂದು ಮಾರಿಬಿಟ್ಟರೆ ನಷ್ಟ ಆ ಹುಡುಗಿಗೇ.

ಸಹೋದರಿಯರೇ, ಮೊದಲು ಕಿವಿಗೊಟ್ಟು ಕೇಳಿ. ಒಳಗಿನ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಬೇರೇನನ್ನೂ ಮಾಡದೆ ಅಂಕಪಟ್ಟಿ, ಫೋಟೋ, ನೋಟ್ಸ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅದು ಯಾವಾಗ ಬೇಕಾದರೂ ಕೈಕೊಡಬಹುದು.

ಸದ್ದಿಲ್ಲವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ 10ರಲ್ಲಾದರೆ ‘ಸ್ಟಾರ್ಟ್‌ಅಪ್’ ಎಂಬಲ್ಲಿ, ಕರೆಯದೆ ಬಂದ ನೆಂಟರಂತೆ ಕಂಪ್ಯೂಟರ್ ಜೊತೆಗೇ ಎದ್ದು ಕೂರುವ ಪ್ರೋಗ್ರಾಮ್‌ಗಳ ಪಟ್ಟಿಯಿರುತ್ತದೆ. ಆಂಟಿವೈರಸ್ ಬಿಟ್ಟು, ಬೇಡವಾದವನ್ನು ಡಿಸೇಬಲ್ ಮಾಡಿ.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗದ ನೂಲಿನ ಧೂಳನ್ನೂ ನೋಡಬೇಕು. ಅದು ಫ್ಯಾನಿಗೆ ಅಂಟಿಕೊಂಡರೆ ಪ್ರೊಸೆಸರ್ ಕಾದು, ತಾನಾಗಿಯೇ ವೇಗ ತಗ್ಗಿಸುತ್ತದೆ. ಪ್ಲಗ್ ಕಿತ್ತು, ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ.

ಇಷ್ಟಕ್ಕೂ ಬಗ್ಗದಿದ್ದರೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಹಣ ಖರ್ಚು ಮಾಡುವುದೇ ಆದರೆ ಇದಕ್ಕೆ ಮಾಡಿ ಎನ್ನುವೆ. ಹಾರ್ಡ್ ಡಿಸ್ಕ್‌ನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಪುಟ್ಟ ಕೈಯೊಂದು ಅದರ ಮೇಲೆ ಅತ್ತಿತ್ತ ಓಡಾಡಿ ಫೈಲು ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ.

ಹಾಗೆ ಹಾಕಿಸುವಾಗ ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಬಹುದು. ಕನ್ನಡ, ಉರ್ದು ಎರಡನ್ನೂ ಅದರಲ್ಲಿ ಟೈಪ್ ಮಾಡಲು ಬರುತ್ತದೆ.